ಆ ಕೆಲಸದಲ್ಲಿ ಮಂಗಳವಾರ ಹೇಗಿರುತ್ತದೆ? ಮಲೆನಾಡಿನಲ್ಲಿ ಕೆಲಸ ಹುಡುಕುವವರಿಗೆ ಒಂದು ಮಾರ್ಗದರ್ಶಿ

ಸಾಗರದ ಬಸ್ ಸ್ಟ್ಯಾಂಡಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿಯಿದೆ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಪಾಸ್‌ಪೋರ್ಟ್ ಫೋಟೋ ತೆಗೆಯಲು ಗೋಡೆಗೆ ಕಟ್ಟಿದ ಬಿಳಿ ಪಂಚೆ. ಹದಿನಾರು ವರ್ಷದಿಂದ ಸುತ್ತಲ ಹಳ್ಳಿಗಳ ಹುಡುಗ ಹುಡುಗಿಯರಿಗೆ ಕೆಲಸದ ಅರ್ಜಿ ತುಂಬಿಕೊಡುತ್ತಿದ್ದೇನೆ. ಬಾಗಿಲಿಗೆ ಬಂದವರ ಮೊದಲ ಮಾತು ಇಷ್ಟು ವರ್ಷದಲ್ಲಿ ಬದಲಾಗಿಲ್ಲ: "ಅಣ್ಣ, ಎಂತಾದ್ರೂ ಕಾಲ್‌ಫಾರ್ ಆಗಿದ್ಯ?" ಎಂತ ಕೆಲಸ ಬೇಕು ಮಾರಾಯ ಅಂದರೆ, "ಯಾವ್ದಾದ್ರೂ ಅಡ್ಡಿಲ್ಲ."

ಒಬ್ಬನೇ ಹುಡುಗನಿಗೆ ಒಂದೇ ವರ್ಷದಲ್ಲಿ ಪೊಲೀಸ್ ಕಾನ್‌ಸ್ಟೇಬಲ್, ಗ್ರಾಮೀಣ ಬ್ಯಾಂಕ್, ಗಸ್ತು ಅರಣ್ಯ ಪಾಲಕ, ಪವರ್‌ಮ್ಯಾನ್, ಈ ನಾಲ್ಕಕ್ಕೂ ಅರ್ಜಿ ಹಾಕಿಕೊಟ್ಟಿದ್ದೇನೆ. ಪವರ್‌ಮ್ಯಾನ್ ಹುದ್ದೆಗೆ ಕಂಬ ಹತ್ತುವ ಪರೀಕ್ಷೆ ಇದೆ ಎಂದು ಅವನಿಗೆ ಗೊತ್ತಾಗಿದ್ದು ಪ್ರವೇಶಪತ್ರ ಬಂದ ಮೇಲೆ. ಅವನಿಗೆ ಎತ್ತರ ಎಂದರೆ ತಲೆ ತಿರುಗುತ್ತದೆ. ಅಡಿಕೆ ಮರದ ಊರಿನಲ್ಲಿ ಹುಟ್ಟಿಯೂ ಒಂದು ದಿನ ಮರ ಹತ್ತಿದವನಲ್ಲ!

ನಾವು ಕೆಲಸವನ್ನು ಹೆಸರಿನಿಂದ ಗುರುತಿಸುತ್ತೇವೆ. ಮದುವೆ ಮಾತುಕತೆಯಲ್ಲಿ ಹೇಳುವುದಕ್ಕೆ ಹೆಸರು ಸಾಕು. ಆದರೆ ಆ ಕುರ್ಚಿಯ ಮೇಲೋ, ಆ ಕಂಬದ ಮೇಲೋ ದಿನ ಕಳೆಯುವವರು ನೀವು. ಹಾಗಾಗಿ ನನ್ನ ಅಂಗಡಿಗೆ ಬಂದವರಿಗೆ ಈಗ ಒಂದೇ ಪ್ರಶ್ನೆ ಕೇಳುತ್ತೇನೆ: ಆ ಕೆಲಸದಲ್ಲಿ ಒಂದು ಸಾಮಾನ್ಯ ಮಂಗಳವಾರ ಹೇಗಿರುತ್ತದೆ, ಬೆಳಿಗ್ಗೆಯಿಂದ ರಾತ್ರಿಯವರೆಗೆ ಹೇಳು. ಹೇಳಲು ಬಾರದಿದ್ದರೆ ಅರ್ಜಿ ಹಾಕುವ ಮೊದಲು ಮಾಡುವ ಕೆಲಸ ಸಾಕಷ್ಟಿದೆ ಎಂದು ಅರ್ಥ.

1. ಮೊದಲು ಮನೆಯ ಲೆಕ್ಕ

ಒಂದು ಹಾಳೆ ತೆಗೆದುಕೊಂಡು ನಾಲ್ಕು ವಿಷಯ ಬರೆಯಿರಿ. ಸಂಬಳವಿಲ್ಲದೆ ಎಷ್ಟು ತಿಂಗಳು ತಡೆಯಬಹುದು? ತೋಟ, ಗದ್ದೆ, ದನ ಇದ್ದರೆ ಈಗ ನೋಡಿಕೊಳ್ಳುತ್ತಿರುವವರು ಯಾರು, ಐದು ವರ್ಷದ ನಂತರ ಯಾರು? ಸಾಲದ ಕಂತು ಯಾರ ಹೆಗಲ ಮೇಲಿದೆ? ಮನೆಯಲ್ಲಿ ಕಾಯಿಲೆಯವರಿದ್ದರೆ ರಾತ್ರಿ ಫೋನ್ ಬಂದಾಗ ಎಷ್ಟು ಗಂಟೆಯೊಳಗೆ ತಲುಪಬೇಕು?

ನಾಲ್ಕನೆಯದನ್ನು ಯಾರೂ ಬರೆಯುವುದಿಲ್ಲ, ಕೊನೆಗೆ ಅದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಬೆಂಗಳೂರು ಇಲ್ಲಿಂದ ಒಂದು ರಾತ್ರಿಯ ಪ್ರಯಾಣ. ಭದ್ರಾವತಿ ಅರ್ಧ ದಿನದಲ್ಲಿ ಹೋಗಿ ಬರುವ ದೂರ.

ಪದವಿ ಅಥವಾ ಡಿಪ್ಲೊಮಾ ಮುಗಿಸಿ 180 ದಿನ ಕಳೆದರೂ ಕೆಲಸವಿಲ್ಲದಿದ್ದರೆ, ಮುಂದೆ ಓದುತ್ತಲೂ ಇಲ್ಲದಿದ್ದರೆ, ಯುವನಿಧಿಗೆ ಅರ್ಹತೆ ಇದೆಯೇ ಎಂದು ಸೇವಾಸಿಂಧುವಿನಲ್ಲಿ ನೋಡಿ. 2024ರ ಜನವರಿ 12ರಂದು ನಮ್ಮ ಶಿವಮೊಗ್ಗದಲ್ಲೇ ಚಾಲನೆ ಸಿಕ್ಕ ಯೋಜನೆ ಇದು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಬದುಕು ನಡೆಸಲು ಆ ದುಡ್ಡು ಸಾಲದು, ಬಸ್ ಚಾರ್ಜು ಮತ್ತು ಪರೀಕ್ಷಾ ಶುಲ್ಕಕ್ಕೆ ಸಾಕು. ಹಾಗೇ ಬಳಸಿ.

2. ಬಸ್ಸಿಗೆ ಸಿಗುವ ಕೆಲಸಗಳ ಪಟ್ಟಿ

"ನಮ್ಮ ಕಡೆ ಕೆಲಸ ಎಲ್ಲಿದೆ" ಎನ್ನುವವರು ಒಮ್ಮೆ ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗಿ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಹಾದಿಯಲ್ಲಿ ಕಾಣುವ ಬೋರ್ಡುಗಳನ್ನು ಬರೆದುಕೊಳ್ಳಿ. ಫೌಂಡ್ರಿಗಳು, ಮಶೀನ್ ಶಾಪುಗಳು, ಬಟ್ಟೆ ಕಾರ್ಖಾನೆ. ಎರಕ ಹೊಯ್ಯುವ ಕೆಲಸ ಈ ಭಾಗಕ್ಕೆ ಹೊಸದಲ್ಲ, ವಿಶ್ವೇಶ್ವರಯ್ಯನವರ ಕಾಲದಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದಾಗಿನಿಂದ ಇಲ್ಲಿನವರ ಕೈಗೆ ಹತ್ತಿದ ವಿದ್ಯೆ.

ಹಿಂದೆ ಅಲ್ಲಿಯೋ ಕಾಗದದ ಕಾರ್ಖಾನೆಯಲ್ಲೋ ಸೇರಿದರೆ ನಿವೃತ್ತಿಯವರೆಗೂ ಚಿಂತೆಯಿಲ್ಲ ಎನ್ನುತ್ತಿದ್ದರು. ಆ ಕಾಗದದ ಕಾರ್ಖಾನೆ, ಎಂಪಿಎಂ, ಅದರ ಯಂತ್ರಗಳು ನಿಂತೇ ಹೋದವು. ಅಪ್ಪನ ಕಾಲದ ಪಟ್ಟಿಯನ್ನು ಮಗ ಹಿಡಿದುಕೊಂಡು ಕೂತರೆ ಆಗದು ಎಂದು ಭದ್ರಾವತಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಪಟ್ಟಿ ಅಲ್ಲಿಗೆ ನಿಲ್ಲುವುದಿಲ್ಲ. ಆಸ್ಪತ್ರೆಗಳಲ್ಲಿ ವೈದ್ಯರು, ನರ್ಸ್‌ಗಳ ಆಚೆಗೂ ಲ್ಯಾಬ್ ಟೆಕ್ನಿಶಿಯನ್, ಡಯಾಲಿಸಿಸ್ ಟೆಕ್ನಿಶಿಯನ್, ಶಸ್ತ್ರಚಿಕಿತ್ಸಾ ಕೊಠಡಿಯ ಸಹಾಯಕರು, ಬಿಲ್ಲಿಂಗ್, ವಿಮೆ ಕಾಗದ ನೋಡುವವರು ಇರುತ್ತಾರೆ. ಮೆಸ್ಕಾಂ, ಶರಾವತಿ ಕಣಿವೆಯ ವಿದ್ಯುದಾಗಾರಗಳು, ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು, ಅಡಿಕೆ ಮಂಡಿಗಳು. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ. ಜೋಗ, ಆಗುಂಬೆ, ಸಿಗಂದೂರಿನ ಕಡೆ ಹೋಂಸ್ಟೇಗಳು. ರಂಗಭೂಮಿಯ ಬೆಳಕು, ಧ್ವನಿ, ರಂಗಸಜ್ಜಿಕೆ ಕಲಿಯಬೇಕೆನ್ನುವವರಿಗೆ ಹೆಗ್ಗೋಡಿನ ನೀನಾಸಂ ಇಲ್ಲಿಂದ ಕೂಗಳತೆ.

ಅಡಿಕೆಯನ್ನು ಕೆಲಸವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ನನಗೆ ಸಿಟ್ಟು ಬರುವುದು ಅಲ್ಲಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವವರಿಲ್ಲ, ಕೊಯ್ಲಿಗೆ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರಿಲ್ಲ ಎಂದು ಊರೆಲ್ಲ ಪರದಾಡುತ್ತದೆ. ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಹಗುರ ಕೋಲು, ಬಂದ ಮೇಲೆ ನೆಲದ ಮೇಲೆ ನಿಂತೇ ಔಷಧಿ ಹೊಡೆಯಬಹುದು, ಕೊನೆ ಇಳಿಸಬಹುದು. ದೋಟಿ ತಂಡ ಕಟ್ಟಿಕೊಂಡವರು, ಸುಲಿಯುವ ಯಂತ್ರ ರಿಪೇರಿ ಕಲಿತವರು ಸೀಸನ್ನಿನಲ್ಲಿ ಫೋನ್ ಎತ್ತಲು ಪುರುಸೊತ್ತಿಲ್ಲದೆ ಇರುತ್ತಾರೆ. ಹೆಣ್ಣು ಕೊಡುವವರಿಗೆ ಇದು ಕೆಲಸ ಅನ್ನಿಸುವುದಿಲ್ಲ ಎಂಬುದು ಬೇರೆ ಮಾತು.

ಪಟ್ಟಿಯಲ್ಲಿ ಇಪ್ಪತ್ತು ಹೆಸರಾಗಲಿ. ಓದಿದ್ದಕ್ಕೂ ಮನೆ ಲೆಕ್ಕಕ್ಕೂ ಸ್ವಲ್ಪವೂ ಹೊಂದದ್ದನ್ನು ಹೊಡೆದು ಹಾಕಿ. ಐದಾರು ಉಳಿಯುತ್ತವೆ.

3. ಮಂಗಳವಾರ ಕೇಳುವುದು

ಉಳಿದ ಪ್ರತಿಯೊಂದಕ್ಕೂ ಆ ಕೆಲಸ ಮಾಡುತ್ತಿರುವ ಇಬ್ಬರನ್ನು ಹುಡುಕಿ: ಸೇರಿ ಎರಡು ವರ್ಷದೊಳಗಿನವರು ಒಬ್ಬರು, ಹತ್ತು ವರ್ಷ ದಾಟಿದವರು ಒಬ್ಬರು. ಹೊಸಬರು ಕಷ್ಟ ಹೇಳುತ್ತಾರೆ, ಹಳಬರು ಮುಂದಿನ ದಾರಿ ಹೇಳುತ್ತಾರೆ. ಮಲೆನಾಡಿನಲ್ಲಿ ಜನ ಹುಡುಕುವುದು ಕಷ್ಟವಲ್ಲ. ಯಾವುದೋ ಮದುವೆ ಮನೆ, ಸತ್ಯನಾರಾಯಣ ಪೂಜೆ, ಕ್ರಿಕೆಟ್ ಟೂರ್ನಿ, ಎಲ್ಲೋ ಒಂದು ಕಡೆ "ನಮ್ಮ ಭಾವ ಅಲ್ಲೇ ಇರೋದು" ಎನ್ನುವವರು ಸಿಕ್ಕೇ ಸಿಗುತ್ತಾರೆ. "ನಂಗೊಂದು ಕೆಲಸ ಕೊಡ್ಸಿ" ಎಂದು ಶುರು ಮಾಡಬೇಡಿ, ಹಾಗೆಂದ ತಕ್ಷಣ ಎದುರಿನವರು ಗಡಿಯಾರ ನೋಡುತ್ತಾರೆ. "ಭಾವ, ನಿಮ್ಮ ಕೆಲಸ ಹೆಂಗಿರ್ತದೆ ಅಂತ ಕೇಳ್ಬೇಕಿತ್ತು, ಒಂದು ಹತ್ತು ನಿಮಿಷ" ಎಂದರೆ ಒಂದು ಗಂಟೆ ಮಾತಾಡುತ್ತಾರೆ. ತಮ್ಮ ಕೆಲಸದ ಬಗ್ಗೆ ಯಾರಾದರೂ ಕೇಳಲಿ ಎಂದು ಕಾಯುತ್ತಿರುವವರೇ ಹೆಚ್ಚು.

ಎಷ್ಟು ಗಂಟೆಗೆ ಎದ್ದಿರಿ, ಹೇಗೆ ಹೋದಿರಿ? ಎಷ್ಟು ಹೊತ್ತು ನಿಂತಿದ್ದಿರಿ, ಎಷ್ಟು ಹೊತ್ತು ಕೂತಿದ್ದಿರಿ? ಯಾರು ಬೈದರು, ಯಾಕೆ? ಕೈಗೆ ಬರುವ ಸಂಬಳ ಎಷ್ಟು, ಯಾವ ತಾರೀಖಿಗೆ? ನಿಮ್ಮ ಜೊತೆ ಸೇರಿದವರು ಈಗ ಎಲ್ಲಿದ್ದಾರೆ? ಬಿಟ್ಟು ಹೋದವರು ಯಾಕೆ ಬಿಟ್ಟರು? ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಆ ಸಂಸ್ಥೆಯ ಯಾವ ಜಾಹೀರಾತಿನಲ್ಲೂ ಓದಲು ಸಿಗುವುದಿಲ್ಲ.

ಹೀಗೆ ಕೇಳಿ ಬಂದವರು ನನಗೆ ಹೇಳಿದ ಮೂರು ಮಂಗಳವಾರಗಳು ಇಲ್ಲಿವೆ.

ಮಶೀನ್ ಶಾಪಿನ ಸಿಎನ್‌ಸಿ ಆಪರೇಟರ್: ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕೊರೆಯುವ ಯಂತ್ರ ನಡೆಸುವವನು. ಬೆಳಿಗ್ಗೆ ಆರರ ಶಿಫ್ಟಿಗೆ ಐದಕ್ಕೆ ಕಂಪನಿ ಬಸ್ಸು. ಎಂಟು ಗಂಟೆ ನಿಂತೇ ಕೆಲಸ. ಜಾಬ್ (ಕೊರೆಯಬೇಕಾದ ಲೋಹದ ತುಂಡು) ಹಾಕು, ತೆಗೆ, ವರ್ನಿಯರ್ ಹಿಡಿದು ಅಳೆ, ಅಳತೆ ತಪ್ಪಿದರೆ ಆಫ್‌ಸೆಟ್ ಸರಿಮಾಡು. ಒಂದು ಪೀಸು ರಿಜೆಕ್ಟ್ ಆದರೆ ಸೂಪರ್‌ವೈಸರ್ ಬರುತ್ತಾನೆ. ಮಧ್ಯಾಹ್ನ ಎರಡಕ್ಕೆ ಬಿಡುಗಡೆ, ಸಂಜೆ ಪೂರ್ತಿ ನಿಮ್ಮದು. ಮುಂದಿನ ವಾರ ಇದೇ ಕೆಲಸ ರಾತ್ರಿ ಹತ್ತರಿಂದ. ಎರಡು ಮೂರು ವರ್ಷದಲ್ಲಿ ಪ್ರೋಗ್ರಾಮಿಂಗ್ ಮತ್ತು ಸೆಟ್ಟಿಂಗ್ ಕಲಿತವರಿಗೆ ದಾರಿ ತೆರೆಯುತ್ತದೆ, ಬರೀ ಬಟನ್ ಒತ್ತಿದವರು ಅಲ್ಲೇ ಉಳಿಯುತ್ತಾರೆ.

ಹೋಂಸ್ಟೇ ಮ್ಯಾನೇಜರ್: ಮಂಗಳವಾರ ಅವನಿಗೆ ಭಾನುವಾರ ಇದ್ದ ಹಾಗೆ. ಬೆಡ್‌ಶೀಟ್ ಒಣಗಿಸುವುದು, ಪೇಟೆಗೆ ಹೋಗಿ ಸಾಮಾನು ತರುವುದು, ಫೋನಿನಲ್ಲಿ "ಸರ್, ಫಾಲ್ಸಲ್ಲಿ ನೀರಿದ್ಯಾ" ಎನ್ನುವವರಿಗೆ ಉತ್ತರ ಕೊಡುವುದು. ನಿಜವಾದ ಕೆಲಸ ಶುಕ್ರವಾರ ರಾತ್ರಿಯಿಂದ. ಊರಿನ ಹಬ್ಬಕ್ಕೆ, ಅಣ್ಣನ ಮದುವೆಗೆ ರಜೆ ಸಿಗುವುದು ಕಷ್ಟ, ಅವೆಲ್ಲ ಇರುವುದೇ ರಜಾ ದಿನಗಳಲ್ಲಿ.

ಅಡಿಕೆ ಮಂಡಿಯ ರೈಟರ್: ತೂಕ, ಮೂಟೆ ಎಣಿಕೆ, ಪಟ್ಟಿ ಬರೆಯುವುದು. ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ದರ್ಜೆಗಳಾಗಿ ಕಣ್ಣಳತೆಯಲ್ಲೇ ಬೇರೆ ಮಾಡುವ ವಿದ್ಯೆ ವರ್ಷಗಳಲ್ಲಿ ಬರುತ್ತದೆ, ಬಂದ ಮೇಲೆ ಯಾವ ಮಂಡಿಯವರೂ ಬಿಡುವುದಿಲ್ಲ. ರೇಟು ಇಳಿದ ದಿನ ಬೆಳೆಗಾರರ ಬೈಗುಳ ಯಜಮಾನರಿಗಿಂತ ಮೊದಲು ತಲುಪುವುದು ಇವನಿಗೆ.

ಇದರಲ್ಲಿ ಯಾವುದು ಒಳ್ಳೆಯದು ಎಂದು ನಾನು ಹೇಳುವುದಿಲ್ಲ. ರಾತ್ರಿ ಪಾಳಿ ಆಗದವರಿಗೆ ಮೊದಲನೆಯದು ಬೇಡ, ಅಪರಿಚಿತರ ಜೊತೆ ಮಾತು ಬರದವರಿಗೆ ಎರಡನೆಯದು ಬೇಡ. ಅಷ್ಟು ತಿಳಿದರೂ ಪಟ್ಟಿ ಎರಡು ಮೂರಕ್ಕೆ ಇಳಿಯುತ್ತದೆ.

4. ಕೈಯಾಡಿಸಿ ನೋಡುವುದು

ಕೇಳುವುದಕ್ಕಿಂತ ಮಾಡಿ ನೋಡುವುದು ಮೇಲು. ಇದಕ್ಕೆ ಕಾನೂನಿನಲ್ಲೇ ದಾರಿಯಿದೆ, ಅಪ್ರೆಂಟಿಸ್. 1961ರ ಶಿಶಿಕ್ಷು ಕಾಯ್ದೆಯಡಿ ಐಟಿಐ, ಡಿಪ್ಲೊಮಾ, ಪದವಿ ಮುಗಿಸಿದವರನ್ನು ಕಾರ್ಖಾನೆಗಳು, ನಿಗಮಗಳು ಸ್ಟೈಪೆಂಡ್ ಕೊಟ್ಟು ಕಲಿಕೆಗೆ ತೆಗೆದುಕೊಳ್ಳುತ್ತವೆ. ಕಾಯಂ ಕೆಲಸದ ಖಾತ್ರಿ ಇದರಲ್ಲಿಲ್ಲ. ಆದರೆ ಒಂದು ವರ್ಷದ ಮಂಗಳವಾರಗಳು ಸಿಗುತ್ತವೆ, ಕೊನೆಗೆ ಪ್ರಮಾಣಪತ್ರವೂ ಸಿಗುತ್ತದೆ. ಐಟಿಐ ಮತ್ತು ಡಿಪ್ಲೊಮಾದವರಿಗೆ ಪೋರ್ಟಲ್‌ಗಳು ಬೇರೆ ಬೇರೆ ಇವೆ, ನಿಮ್ಮ ಕಾಲೇಜಿನ ತರಬೇತಿ ಅಧಿಕಾರಿಯನ್ನು ಕೇಳಿದರೆ ಸರಿಯಾದದ್ದು ತೋರಿಸುತ್ತಾರೆ.

ಎಸ್ಸೆಸ್ಸೆಲ್ಸಿ ಮುಗಿಸಿ ಕೈಕೆಲಸದ ಕಡೆ ಒಲವಿದ್ದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಡಿಪ್ಲೊಮಾ ನೋಡಿ, ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಸ್ವಂತ ಉದ್ಯೋಗದ ಯೋಚನೆಯಿದ್ದವರಿಗೆ ರುಡ್‌ಸೆಟ್ ಮಾದರಿಯ ಸಂಸ್ಥೆಗಳಿವೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಪ್ರಯೋಗ ಅದು, ಈಗ ದೇಶದ ತುಂಬ ಹರಡಿದೆ. ಊಟ, ವಸತಿ, ತರಬೇತಿ ಎಲ್ಲ ಉಚಿತ. ಮೊಬೈಲ್ ರಿಪೇರಿ, ಹೊಲಿಗೆ, ಜೇನು, ಹೈನು, ಹೀಗೆ ಚಿಕ್ಕ ಅವಧಿಯ ತರಬೇತಿಗಳು. ಬೇಡವೆನ್ನಿಸಿದರೆ ಕಳೆದುಕೊಳ್ಳುವುದು ಕೆಲವು ವಾರ ಮಾತ್ರ.

5. ಸರ್ಕಾರಿ ಪರೀಕ್ಷೆಗೆ ಗಡುವು ಹಾಕಿ

ಸರ್ಕಾರಿ ಕೆಲಸ ಬೇಡ ಎನ್ನುವ ಧೈರ್ಯ ನನಗಿಲ್ಲ, ನನ್ನ ಅಂಗಡಿ ನಡೆಯುವುದೇ ಅದರಿಂದ. ಆದರೆ ಇಪ್ಪತ್ತೆರಡಕ್ಕೆ ಬಂದು ಅರ್ಜಿ ಹಾಕಿದವರು ಮೂವತ್ತೊಂದಕ್ಕೂ ಬರುವುದನ್ನು ನೋಡಿದ್ದೇನೆ, ಅದೇ ಫೈಲು, ಫೋಟೋ ಮಾತ್ರ ಹೊಸದು. ಅಧಿಸೂಚನೆ ಯಾವಾಗ ಬರುತ್ತದೆ, ಪರೀಕ್ಷೆ ಮುಂದಕ್ಕೆ ಹೋಗುತ್ತದೆಯೇ, ಆಯ್ಕೆಪಟ್ಟಿ ಕೋರ್ಟಿನಲ್ಲಿ ನಿಲ್ಲುತ್ತದೆಯೇ, ಯಾವುದೂ ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿರುವುದು ಗಡುವು ಒಂದೇ. ಎರಡು ವರ್ಷ ಎಂದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯಿರಿ, ಮನೆಯವರ ಎದುರಿಗೇ.

ಪರೀಕ್ಷೆಗಳನ್ನು ಪಠ್ಯಕ್ರಮ ನೋಡಿ ಜೋಡಿ ಮಾಡಿ. ಲೋಕಸೇವಾ ಆಯೋಗ ಮತ್ತು ಪರೀಕ್ಷಾ ಪ್ರಾಧಿಕಾರದ ಗ್ರೂಪ್ ಸಿ ಪರೀಕ್ಷೆಗಳಲ್ಲಿ ಸಾಮಾನ್ಯ ಜ್ಞಾನ, ಕನ್ನಡ, ಇಂಗ್ಲಿಷ್, ಕಂಪ್ಯೂಟರ್ ಮತ್ತೆ ಮತ್ತೆ ಬರುತ್ತವೆ, ಒಂದಕ್ಕೆ ಓದಿದ್ದು ಇನ್ನೊಂದಕ್ಕೆ ಆಗುತ್ತದೆ. ಬ್ಯಾಂಕಿನ ಓದೇ ಬೇರೆ, ತರ್ಕ ಮತ್ತು ಲೆಕ್ಕದ ವೇಗ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು 2019ರಿಂದ ಕನ್ನಡದಲ್ಲೂ ಬರೆಯಬಹುದು, ಇಂಗ್ಲಿಷಿಗೆ ಹೆದರಿ ಬಿಟ್ಟವರು ಒಮ್ಮೆ ಯೋಚಿಸಿ. ಎರಡನ್ನೂ ಒಟ್ಟಿಗೆ ಓದುತ್ತೇನೆ ಎಂದವರು ಸಾಮಾನ್ಯವಾಗಿ ಎರಡರಲ್ಲೂ ಸ್ವಲ್ಪದರಲ್ಲಿ ತಪ್ಪಿಸಿಕೊಳ್ಳುತ್ತಾರೆ.

ಓದುವ ಎರಡು ವರ್ಷ ಸುಮ್ಮನೆ ಓದಬೇಡಿ. ಸೊಸೈಟಿಯಲ್ಲೋ, ಮೆಡಿಕಲ್ ಶಾಪಿನಲ್ಲೋ ಅರ್ಧ ದಿನದ ಕೆಲಸ ಹಿಡಿಯಿರಿ. ಪರೀಕ್ಷೆ ಕೈಕೊಟ್ಟರೆ ಬಯೋಡೇಟಾದಲ್ಲಿ ಎರಡು ವರ್ಷ ಖಾಲಿ ಕಾಣುವುದಿಲ್ಲ.

6. ಕಾಗದಪತ್ರ: ಇಲ್ಲಿ ಅವಸರ ಮಾಡಬೇಡಿ

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ "ಮಂಜುನಾಥ ಕೆ", ಆಧಾರಿನಲ್ಲಿ "ಮಂಜುನಾಥ್ ಕೆ ಜಿ", ಪ್ಯಾನಿನಲ್ಲಿ ಇನ್ನೇನೋ. ನನ್ನ ಅಂಗಡಿಯಲ್ಲಿ ಕಾಣುವ ತೊಂದರೆಗಳಲ್ಲಿ ಅರ್ಧ ಇದೇ. ನೇಮಕಾತಿಯಲ್ಲಿ ಎಸ್ಸೆಸ್ಸೆಲ್ಸಿ ಹೆಸರೇ ಬುಡ ಎಂದು ತಿಳಿದು ಉಳಿದವನ್ನು ಅದಕ್ಕೆ ಹೊಂದಿಸಿ. ಕೊನೆಯ ದಿನಾಂಕದ ಹಿಂದಿನ ದಿನ ಆಗುವ ಕೆಲಸವಲ್ಲ ಇದು.

ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ನೋಡಿ. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿಯ ಪ್ರಮಾಣಪತ್ರ, ಕನ್ನಡ ಮಾಧ್ಯಮವಾಗಿದ್ದರೆ ಅದರದ್ದೂ ಒಂದು, ಇವೆರಡನ್ನೂ ಬೇಸಿಗೆಯಲ್ಲೇ ಮಾಡಿಸಿಟ್ಟುಕೊಳ್ಳಿ. ಅರ್ಜಿಯಲ್ಲಿ "ಯೋಜನಾ ನಿರಾಶ್ರಿತ" ಎಂಬ ಕಾಲಂ ಕಂಡರೆ ನಮ್ಮ ಕಡೆಯವರು ಕಣ್ಣು ಮುಚ್ಚಿ "ಇಲ್ಲ" ಒತ್ತುತ್ತಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ನೀರಿನಲ್ಲಿ ಮನೆ ಕಳೆದುಕೊಂಡ ಕುಟುಂಬದವರು ಒತ್ತುವ ಮೊದಲು ಅಧಿಸೂಚನೆಯ ಷರತ್ತು ಓದಿ, ಅಜ್ಜನ ಪೆಟ್ಟಿಗೆಯಲ್ಲಿ ಕಾಗದ ಹುಡುಕಿ, ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ.

ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯ ಹುಡುಗನೊಬ್ಬ ಕೊನೆಯ ದಿನ ಸಂಜೆ ಬಂದ. ಹೊಳೆಬಾಗಿಲಿನ ಕೊನೆಯ ಲಾಂಚ್ ತಪ್ಪುತ್ತದೆ ಎಂದು ಅವನಿಗೆ ಅವಸರ, ಕರೆಂಟು ಹೋಗಿ ಬಂದು ಮಾಡುತ್ತಿತ್ತು ಎಂದು ನನಗೆ ಅವಸರ. ಪ್ರವರ್ಗದ ಕಾಲಂನಲ್ಲಿ ತಪ್ಪು ಒತ್ತಿದೆ, ಪ್ರಿವ್ಯೂ ತೋರಿಸದೆ ಸಬ್‌ಮಿಟ್ ಮಾಡಿದೆ. ದಾಖಲೆ ಪರಿಶೀಲನೆಯಲ್ಲಿ ಅವನು ಹೊರಗೆ ಬಿದ್ದ. 2025ರ ಜುಲೈಯಲ್ಲಿ ಅಲ್ಲಿಗೆ ಸೇತುವೆ ಬಂತು, ಲಾಂಚಿನ ಅವಸರ ತಪ್ಪಿತು. ಆದರೆ ಆ ತಪ್ಪಾದ ದಿನದಿಂದ ನಾನು ಪ್ರಿವ್ಯೂ ಪ್ರಿಂಟ್ ತೆಗೆದು, ಅಭ್ಯರ್ಥಿ ಸಾಲು ಸಾಲು ಓದಿ ಸಹಿ ಹಾಕಿದ ಮೇಲೆ ಮಾತ್ರ ಸಬ್‌ಮಿಟ್ ಮಾಡುತ್ತೇನೆ. ನೀವು ಯಾವ ಅಂಗಡಿಗೆ ಹೋದರೂ ಅದನ್ನೇ ಕೇಳಿ. ಪಾಸ್‌ವರ್ಡ್, ನೋಂದಾಯಿಸಿದ ಮೊಬೈಲ್ ನಂಬರು ನಿಮ್ಮದೇ ಇರಲಿ, ಅಂಗಡಿಯವನದ್ದಲ್ಲ.

7. ಬಯೋಡೇಟಾ, ಹುಡುಕುವ ಜಾಗ

ಬಯೋಡೇಟಾ ಒಂದು ಪುಟ. "ಕಠಿಣ ಪರಿಶ್ರಮಿ, ಪ್ರಾಮಾಣಿಕ" ಎಂದು ಎಲ್ಲರೂ ಬರೆಯುತ್ತಾರೆ, ಯಾರೂ ಓದುವುದಿಲ್ಲ. ಮಾಡಿದ್ದನ್ನು ಬರೆಯಿರಿ: "ಸಹಕಾರ ಸಂಘದಲ್ಲಿ ಒಂದು ವರ್ಷ ಟ್ಯಾಲಿಯಲ್ಲಿ ದಿನದ ಲೆಕ್ಕ ಬರೆದಿದ್ದೇನೆ", "ವರ್ನಿಯರ್, ಮೈಕ್ರೋಮೀಟರ್ ಬಳಸಲು ಬರುತ್ತದೆ", "ಮನೆಯ ಮೂರು ಎಕರೆ ತೋಟದ ಕೂಲಿ ಲೆಕ್ಕ ನಾನೇ ನೋಡಿಕೊಳ್ಳುತ್ತೇನೆ". ಕೊನೆಯದನ್ನು ಬರೆಯಲು ನಾಚಿಕೊಳ್ಳುತ್ತಾರೆ, ಹತ್ತು ಜನರಿಂದ ಕೆಲಸ ಮಾಡಿಸುವುದು ಸಣ್ಣ ವಿದ್ಯೆಯೇ? ತಂದೆಯ ಉದ್ಯೋಗ, ಜಾತಿ, ಆಧಾರ್ ಸಂಖ್ಯೆ ಖಾಸಗಿ ಕಂಪನಿಯ ಬಯೋಡೇಟಾದಲ್ಲಿ ಬೇಡ.

ಕೇಂದ್ರದ ನ್ಯಾಷನಲ್ ಕರಿಯರ್ ಸರ್ವಿಸ್, ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್ ಎರಡರಲ್ಲೂ ನೋಂದಾಯಿಸಿಕೊಳ್ಳಿ, ಶುಲ್ಕವಿಲ್ಲ. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯವರು ಉದ್ಯೋಗ ಮೇಳ ನಡೆಸಿದಾಗ ಹೋಗಿ. ಮೇಳದಲ್ಲಿ ಸಾಲು ಉದ್ದವಿರುವ ಟೇಬಲ್ಲಿಗಿಂತ ಖಾಲಿ ಟೇಬಲ್ಲಿನವರು ಹೆಚ್ಚು ಹೊತ್ತು ಮಾತಾಡುತ್ತಾರೆ. ಮಾಚೇನಹಳ್ಳಿಯಂಥ ಕಡೆ ಇನ್ನೂ ಹಳೆಯ ಪದ್ಧತಿ ನಡೆಯುತ್ತದೆ: ಬೆಳಿಗ್ಗೆ ಹತ್ತರ ಸುಮಾರಿಗೆ ಗೇಟಿಗೆ ಹೋಗಿ ಸೆಕ್ಯುರಿಟಿಯವರ ಹತ್ತಿರ ವಿನಯವಾಗಿ ಮಾತಾಡಿ ಎಚ್‌ಆರ್ ವಿಭಾಗಕ್ಕೆ ಬಯೋಡೇಟಾ ಕೊಟ್ಟು ಬರುವುದು. ಒಂದು ದಿನದಲ್ಲಿ ಏಳೆಂಟು ಗೇಟು ಮುಗಿಯುತ್ತವೆ. ಯಾವ ಗೇಟು, ಯಾವ ತಾರೀಖು, ಯಾರು ಸಿಕ್ಕರು ಎಂದು ನೋಟ್‌ಬುಕ್ಕಿನಲ್ಲಿ ಬರೆದು, ಹತ್ತು ದಿನ ಬಿಟ್ಟು ಒಂದು ಫೋನ್ ಮಾಡಿ.

ಸಂದರ್ಶನದ ಬಗ್ಗೆ ನಾನು ಹೇಳುವುದು ಕಡಿಮೆ. ಮಂಗಳವಾರದ ಪ್ರಶ್ನೆ ಕೇಳಿ ಬಂದವರಿಗೆ "ಈ ಕೆಲಸ ಯಾಕೆ ಬೇಕು" ಎಂಬುದಕ್ಕೆ ಉತ್ತರ ಬಾಯಿಪಾಠ ಮಾಡಬೇಕಾಗುವುದಿಲ್ಲ. ಇಂಗ್ಲಿಷ್ ತಡವರಿಸಿದರೆ "ಕನ್ನಡದಲ್ಲಿ ಹೇಳಬಹುದೇ" ಎಂದು ಕೇಳಿ, ಬಹಳ ಕಡೆ ಒಪ್ಪುತ್ತಾರೆ.

8. ದುಡ್ಡು ಕೇಳಿದರೆ ಎದ್ದು ಬನ್ನಿ

2023ರ ಫೆಬ್ರವರಿಯಲ್ಲಿ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ "ಏರ್‌ಪೋರ್ಟಲ್ಲಿ ಕೆಲಸ, ಯೂನಿಫಾರ್ಮ್‌ಗೆ ಎರಡೂವರೆ ಸಾವಿರ ಕಟ್ಟಿ" ಎಂಬ ಮೆಸೇಜು ಹಿಡಿದು ನನ್ನ ಹತ್ತಿರ ಬಂದವರಿದ್ದಾರೆ. ಕೆಲಸ ಕೊಡುವವರು ದುಡ್ಡು ಕೊಡುತ್ತಾರೆ, ತೆಗೆದುಕೊಳ್ಳುವುದಿಲ್ಲ. ಸರ್ಕಾರಿ ಪರೀಕ್ಷೆಯ ಶುಲ್ಕವೊಂದು ಬೇರೆ, ಅದನ್ನೂ ಅಧಿಕೃತ ಜಾಲತಾಣದಲ್ಲೇ ಕಟ್ಟಬೇಕು. ಆಗಲೇ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮೂಲ ಅಂಕಪಟ್ಟಿ ನಮ್ಮ ಹತ್ತಿರ ಇರಲಿ ಎನ್ನುವ ಕಂಪನಿಗೂ ಕೈಮುಗಿದು ಬನ್ನಿ. ತೋರಿಸಿ, ನಕಲು ಕೊಡಿ, ಮೂಲ ವಾಪಸ್ ತನ್ನಿ.

9. ಕೈಗೆ ಬರುವ ಸಂಬಳ

"ಸಿಟಿಸಿ", ಅಂದರೆ ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು, ಎಂದು ಹೇಳುವ ಮೊತ್ತ ಕೈಗೆ ಬರುವುದಿಲ್ಲ. ಒಂದು ಉದಾಹರಣೆ ಹಾಕೋಣ. ಮೂಲವೇತನ 13,000, ಎಲ್ಲ ಭತ್ಯೆ ಸೇರಿ 20,000. ಪಿಎಫ್‌ಗೆ ಮೂಲವೇತನದ ಶೇ 12ರಂತೆ ನಿಮ್ಮ ಪಾಲು 1,560 ಮುರಿಯುತ್ತಾರೆ. 21,000ದೊಳಗಿನ ಸಂಬಳಕ್ಕೆ ಚಿಕಿತ್ಸೆಯ ವಿಮೆ ಇಎಸ್‌ಐ ಇದೆ, ನಿಮ್ಮ ಪಾಲು ಶೇ 0.75, ಅಂದರೆ 150. ಕೈಗೆ 18,290. ಕಂಪನಿ ತನ್ನ ಪಾಲಿನ ಪಿಎಫ್ 1,560 ಮತ್ತು ಶೇ 3.25ರ ಇಎಸ್‌ಐ 650 ಸೇರಿಸಿ ನಿಮಗೆ ಹೇಳುವುದು 22,210. ಯಾರೂ ಮೋಸ ಮಾಡಿಲ್ಲ, ಪಿಎಫ್ ನಿಮ್ಮದೇ ದುಡ್ಡು, ಇಎಸ್‌ಐನಲ್ಲಿ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಆದರೆ ಬಾಡಿಗೆ ಕಟ್ಟುವುದು 18,290ರಿಂದ.

ಈಗ ಬೆಂಗಳೂರಿನ 26,000ವನ್ನು ಊರಿನ 18,000ದ ಪಕ್ಕ ಇಟ್ಟು ನೋಡಿ. ಪಿಜಿ, ಊಟ, ಓಡಾಟ, ತಿಂಗಳಿಗೊಮ್ಮೆ ಊರಿಗೆ ಬಂದು ಹೋಗುವ ಖರ್ಚು ಕಳೆಯಿರಿ. ಹೆಚ್ಚಿನವರ ಹಾಳೆಯಲ್ಲಿ ಎರಡೂ ಒಂದೇ ಕಡೆ ಬಂದು ನಿಲ್ಲುತ್ತವೆ. ಹಾಗೆಂದು ಬೆಂಗಳೂರು ಬೇಡ ಎನ್ನುತ್ತಿಲ್ಲ. ಇಲ್ಲಿ ಕಲಿಯಲು ಸಿಗದ ಕೆಲಸವಾದರೆ ಸಂಬಳ ಸಮವಾದರೂ ಹೋಗಿ, ಮೂರು ವರ್ಷ ಕಲಿಯಿರಿ. ಇಲ್ಲಿಯೂ ಇರುವ ಕೆಲಸವನ್ನೇ ಅಲ್ಲಿ ಮಾಡಲು ಪಿಜಿಯ ಸಾರು ಕುಡಿಯಬೇಕೇ ಎಂದು ಮಾತ್ರ ಕೇಳುತ್ತೇನೆ.

ಸೇರುವ ದಿನ ನೇಮಕಾತಿ ಪತ್ರವನ್ನು ಪೂರ್ತಿ ಓದಿ: ಪ್ರೊಬೇಷನ್ ಎಷ್ಟು ತಿಂಗಳು, ಬಿಡಲು ಎಷ್ಟು ದಿನ ಮೊದಲು ಹೇಳಬೇಕು, ಬಾಂಡ್ ಇದೆಯೇ. ಪಿಎಫ್‌ನ ಯುಎಎನ್ ಸಂಖ್ಯೆ ಜೀವಮಾನಕ್ಕೆ ಒಂದೇ, ಎರಡನೇ ಕಂಪನಿಗೆ ಹೋದಾಗ ಹಳೆಯದನ್ನೇ ಕೊಡಬೇಕು. ಮೊಬೈಲ್ ಕಳೆದು, ನಂಬರು ಬದಲಾಗಿ, ಯುಎಎನ್ ಮರೆತು ನನ್ನ ಅಂಗಡಿಯಲ್ಲಿ ಅರ್ಧ ದಿನ ಕೂತವರು ಬಹಳ ಮಂದಿ. ಅದನ್ನು ಮನೆಯ ಪಡಿತರ ಚೀಟಿಯ ಜೆರಾಕ್ಸ್ ಹಿಂದೆ ಪೆನ್ನಿನಲ್ಲಿ ಬರೆದಿಡಿ. ಅದೊಂದು ಕಾಗದ ಮಾತ್ರ ಯಾರ ಮನೆಯಲ್ಲೂ ಕಳೆದುಹೋದದ್ದನ್ನು ನಾನು ಕಂಡಿಲ್ಲ.